ಕೆಂಚನಿಗೆ ಇಲಿಜ್ವರ ವಾಸಿಯಾದದ್ದು

ಸಕಲ ಜೀವರಾಶಿಯೂ ಒಂದೇ ನೀರಿನಿಂದ ಬದುಕುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಆ ನೀರಿನಲ್ಲಿ ಇಲಿ ಉಚ್ಚೆ ಹೊಯ್ದಿರುತ್ತದೆ ಎಂಬುದನ್ನು ಮಾತ್ರ ಹೇಳದೆ ಬಿಟ್ಟರು. ಆ ಉಳಿದ ಅರ್ಧವನ್ನು ಹೇಳುವ ಕೆಲಸ, ಮಳವಳ್ಳಿ, ಮದ್ದೂರು, ಮಂಡ್ಯ ತಾಲ್ಲೂಕುಗಳ ಮಟ್ಟಿಗೆ, ನನ್ನ ಪಾಲಿಗೆ ಬಂತು. ಸರ್ಕಾರಿ ಪಶುವೈದ್ಯನಾಗಿ ಸೇರಿದ ದಿನದಿಂದ ನಿವೃತ್ತಿಯ ಹಾರ ಹಾಕಿಸಿಕೊಂಡ ದಿನದವರೆಗೂ ಹೇಳಿದೆ. ಜನ ಬಹಳ ಗೌರವದಿಂದ ಕೇಳಿಸಿಕೊಂಡರು. ನಮ್ಮ ಸೀಮೆಯಲ್ಲಿ ಗೌರವಕ್ಕೂ ನಂಬಿಕೆಗೂ ಸಂಬಂಧವಿಲ್ಲವೆಂದು ತಿಳಿಯಲು ನನಗೆ ಅರ್ಧ ನೌಕರಿ ಬೇಕಾಯಿತು.

ಈಗ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು, ಹುಡುಗಿಯರು ಮಂಡ್ಯದ ನನ್ನ ಮನೆಗೆ ಒಮ್ಮೊಮ್ಮೆ ಬರುತ್ತಾರೆ. "ಸಾರ್, ನಿಮ್ಮ ಕಾಲದಲ್ಲಿ ನಾಯಿಗಳ ಲೆಪ್ಟೊಸ್ಪೈರೋಸಿಸ್ ಹೇಗೆ ಮ್ಯಾನೇಜ್ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಮ್ಯಾನೇಜ್ ಮಾಡಲು ಅದೇನು ನೆಂಟರ ಮನೆ ಮದುವೆಯೇ? ನಾಯಿಯನ್ನು ಉಳಿಸುವುದು ಹೇಗೆಂದು ಪುಸ್ತಕದಲ್ಲಿದೆ, ಓದಿಕೊಳ್ಳಿ. ಉಳಿದ ನಾಯಿಯ ಯಜಮಾನನನ್ನು ಉಳಿಸಿಕೊಳ್ಳುವುದು ಹೇಗೆಂದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಮದ್ದೂರು ತಾಲ್ಲೂಕಿನ ಕೊಪ್ಪದ ಕಡೆಯ ಬೋರೇಗೌಡ ಎಂಬ ಆಲೆಮನೆಯವನ ವಿಷಯದಲ್ಲಿ ನನಗೆ ಅದು ಬೇಕಾಗಿತ್ತು. ಬರೆಯಲು ಕುಳಿತದ್ದು ಅವನಿಗಾಗಿಯೇ. ಆದರೆ ಕಾಯಿಲೆಯ ಜಾತಕ ಹೇಳದೆ ಅವನ ವಿಷಯಕ್ಕೆ ಹೋದರೆ ನಿಮಗೆ ಅವನು ಬರೀ ಮೊಂಡನಾಗಿ ಕಾಣುತ್ತಾನೆ.

ಇಲಿ, ಹೆಗ್ಗಣಗಳ ಮೂತ್ರದಲ್ಲಿ ಈ ಕಾಯಿಲೆಯ ಕ್ರಿಮಿ ಇರುತ್ತದೆ. ಅವಕ್ಕೆ ಅದರಿಂದ ಏನೂ ಆಗುವುದಿಲ್ಲ. ಅವು ಬರೀ ಹಂಚುತ್ತವೆ. ಗದ್ದೆಯ ನೀರು, ನಾಲೆಯ ನೀರು, ಕಬ್ಬಿನ ತೋಟದ ಕೆಸರು, ದನದ ತೊಟ್ಟಿ, ಎಲ್ಲಿ ತೇವವೋ ಅಲ್ಲಿ ಅದು ಕಾದಿರುತ್ತದೆ. ನಾಯಿ ಆ ನೀರು ಕುಡಿಯುತ್ತದೆ, ಇಲಿಯನ್ನೇ ಕಚ್ಚುತ್ತದೆ. ಜ್ವರ, ವಾಂತಿ, ಹಿಂಗಾಲು ಎಳೆಯುವುದು, ಆಮೇಲೆ ವಸಡು ಅರಿಸಿನವಾಗುವುದು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು, ಕೊನೆಗೆ ಮೂತ್ರವೇ ನಿಲ್ಲುವುದು. ಆ ನಾಯಿಯ ಮೂತ್ರ ಮುಟ್ಟಿದವನಿಗೂ, ಇಲಿ ಓಡಾಡಿದ ಗದ್ದೆಗೆ ಒಡೆದ ಹಿಮ್ಮಡಿಯಲ್ಲಿ ಇಳಿದವನಿಗೂ ಅದೇ ಪ್ರಯಾಣ. ಕನ್ನಡದಲ್ಲಿ ಇದಕ್ಕೆ ಇಲಿಜ್ವರವೆಂದು ಹೆಸರು.

ನಾನು ಮೊದಲು ಸೇರಿದ್ದು ಮಳವಳ್ಳಿ ಕಡೆ. ಅಲ್ಲಿನ ನನ್ನ ಮೇಲಧಿಕಾರಿಗಳಿಗೆ ಒಂದು ಸಿದ್ಧಾಂತವಿತ್ತು: ಹಾಲು ಕೊಡದ, ಉಳದ, ಮೊಟ್ಟೆ ಇಡದ ಪ್ರಾಣಿ ಸರ್ಕಾರದ ಪ್ರಾಣಿಯಲ್ಲ. ಕುರಿ, ಮೇಕೆಗೆ ದೊಡ್ಡ ಮನಸ್ಸು ಮಾಡಿ ವಿನಾಯಿತಿ ಕೊಟ್ಟಿದ್ದರು. ನಾಯಿಗೆ ಇರಲಿಲ್ಲ. ಆದರೂ ಪೇಟೆಯ ಅಕ್ಕಿ ಮಂಡಿಯವರು ತಮ್ಮ ನಾಯಿಯನ್ನು ಗೋಣಿಚೀಲದಲ್ಲಿ ಹೊತ್ತು ತಂದಾಗ, ಮಂಡಿಯವರು ಮಂಡಿಯವರಾದ್ದರಿಂದ, ಸಾಹೇಬರೇ ಎದ್ದು ಬಂದು ನೋಡಿದರು. ಕಣ್ಣು, ವಸಡು ಪೂರಾ ಹಳದಿ.

"ಪಿತ್ತ ಕೆರಳಿದೆ. ಲಿವರ್ ಟಾನಿಕ್ ಕೊಡಿ," ಎಂದು ಅಪ್ಪಣೆಯಾಯಿತು.

"ಸಾರ್, ಅಕ್ಕಿ ಮಂಡಿ ನಾಯಿ. ಇಲಿಜ್ವರ ಇರಬಹುದು. ಪೆನಿಸಿಲಿನ್ ಕೊಟ್ಟು ನೋಡೋಣವೇ?"

ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಾಯಿಗೆ ಇಲಿಜ್ವರ! ನಾಳೆ ಎಮ್ಮೆಗೆ ಕೋಳಿಜ್ವರ ಅಂತೀರಿ. ಕಾಲೇಜಿನಿಂದ ಈಗ ತಾನೇ ಬಂದಿದೀರಿ ಅಲ್ವೇ, ಬಿಸಿ ಇಳಿಯುತ್ತೆ."

ಟಾನಿಕ್ ಕೊಟ್ಟೆವು. ನಮ್ಮ ಕಾಲದಲ್ಲಿ ಲಿವರ್ ಟಾನಿಕ್ ಎಂಬುದು ಔಷಧಿಯಾಗಿರಲಿಲ್ಲ; ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಒಂದು ಸಮಾಧಾನವಾಗಿತ್ತು. ನಾಯಿ ಸಮಾಧಾನದಿಂದ ಸತ್ತಿತು. ಟಾನಿಕ್ಕನ್ನು ಸರಿಯಾಗಿ ಕುಡಿಸಲಿಲ್ಲವೆಂದು ಸಾಹೇಬರು ಮಂಡಿಯವರನ್ನೇ ಗದರಿದರು. ಮಂಡಿಯವರು ತಪ್ಪಾಯಿತೆಂದು ಒಪ್ಪಿಕೊಂಡರು. ಸಾವಿಗೆ ಕಾರಣ ಹುಡುಕುವಾಗ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುವುದು ವಿದ್ಯಾವಂತರಿಗೂ ಅವಿದ್ಯಾವಂತರಿಗೂ ಸಮಾನವಾದ ಗುಣವೆಂದು ಆಗಲೇ ನಾನು ಗಮನಿಸಬೇಕಿತ್ತು.

ಆಗ ಪರೀಕ್ಷೆಯ ವಿಧಾನವೂ ಹಾಗೇ ಇತ್ತು. ರಕ್ತವನ್ನು ಐಸು ತುಂಬಿದ ಥರ್ಮಾಸಿನಲ್ಲಿಟ್ಟು ಬೆಂಗಳೂರಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ವರದಿ ಬರುವ ಹೊತ್ತಿಗೆ ನಾಯಿ ತೆಂಗಿನ ಮರದ ಬುಡ ಸೇರಿರುತ್ತಿತ್ತು. ನಮ್ಮ ಕಡೆ ಸಾಕಿದ ನಾಯಿ ಸತ್ತರೆ ಎಸೆಯುವುದಿಲ್ಲ, ತೆಂಗಿನ ಬುಡಕ್ಕೆ ಹಾಕುತ್ತಾರೆ. ವರದಿ ಹಿಡಿದು ಹೋದರೆ ಯಜಮಾನ ಮರ ತೋರಿಸುತ್ತಿದ್ದ. "ಇಲಿಜ್ವರವೇ ಅಂತೆ," ಎಂದರೆ, "ಆಗ್ಲಿ ಬುಡಿ, ಮರ ಚೆಂದಾಗ್ ಬಂದದೆ," ಎನ್ನುತ್ತಿದ್ದ. ಈಗ ನಿಮಗೆ ಅಂಗೈಯಗಲದ ಕಿಟ್ ಬಂದಿದೆ; ಎರಡು ತೊಟ್ಟು ರಕ್ತ ಬಿಟ್ಟರೆ ಗೆರೆ ಮೂಡುತ್ತದೆ. ಸಂತೋಷ. ಮೊದಲ ದಿನಗಳಲ್ಲಿ ಗೆರೆ ಮೂಡದೆಯೂ ಕಾಯಿಲೆ ಇರಬಹುದು ಎಂಬುದನ್ನು ಮಾತ್ರ ಮರೆಯಬೇಡಿ. ಗೆರೆಗಾಗಿ ಕಾಯುತ್ತ ಪೆನಿಸಿಲಿನ್ ತಡ ಮಾಡಬೇಡಿ. ತುಟಿ ಎತ್ತಿ ವಸಡು ನೋಡುವ ಬೆರಳನ್ನು ಕಿಟ್ ಬಂತೆಂದು ಜೇಬಿಗೆ ಸೇರಿಸಬೇಡಿ.

ಲಸಿಕೆಯ ವಿಷಯವನ್ನು ಮದ್ದೂರಿನಲ್ಲಿ ಕಲಿತೆ. ಅಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಟಾಮಿ ಎಂಬ ನಾಯಿಯನ್ನು ಸಾಕಿದ್ದರು. ಇಲಿಜ್ವರಕ್ಕೆ ಲಸಿಕೆ ಹಾಕಿಸಿ ಎಂದೆ.

"ಹಾಕ್ಸಿದೀನಲ್ರೀ, ನಾಯಿ ಇಂಜೆಕ್ಷನ್ನು. ಕ್ಯಾಂಪಿನಲ್ಲಿ ಸಾಲಾಗಿ ನಿಲ್ಸಿ ಹಾಕಿದ್ರು."

"ಅದು ಹುಚ್ಚಿಗೆ ಮೇಷ್ಟ್ರೇ. ಇದು ಬೇರೆ. ಒಂದು ಹಾಕಿ, ಕೆಲವು ವಾರ ಬಿಟ್ಟು ಇನ್ನೊಂದು, ಆಮೇಲೆ ವರ್ಷಕ್ಕೊಂದು."

"ಹುಚ್ಚೇ ಹಿಡಿಯದ ಹಾಗೆ ಮಾಡಿದ ಮೇಲೆ ಜ್ವರ ಯಾವ ಮೂಲೆ ಕಣ್ರೀ? ಇಡೀ ಜನ್ಮದಲ್ಲಿ ನನಗೇ ಯಾರೂ ವರ್ಷ ವರ್ಷ ಇಂಜೆಕ್ಷನ್ ಹಾಕಿಸಿಲ್ಲ. ಟಾಮಿ ಏನು ಜಮೀನ್ದಾರನೇ?"

ಆದರೂ ನನ್ನ ಮುಖ ನೋಡಿ ಮೊದಲನೆಯದನ್ನು ಹಾಕಿಸಿದರು. ಎರಡನೆಯದಕ್ಕೆ ಬರಲಿಲ್ಲ. ದಾರಿಯಲ್ಲಿ ಸಿಕ್ಕಾಗ, "ಚುಚ್ಚಿದಾಗ ಕುಂಯ್ ಅಂತು ಪಾಪ, ನಮ್ಮ ಮನೆಯವರು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ," ಎಂದರು. ಎರಡನೆಯದು ಹಾಕದಿದ್ದರೆ ಮೊದಲನೆಯದು ದಂಡ. ಅದನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಟಾಮಿಯ ಕಥೆ ಬರೆಯುವುದಿಲ್ಲ, ನೀವೇ ಊಹಿಸಿಕೊಳ್ಳಬಹುದು.

ಇನ್ನು ಬೋರೇಗೌಡ.

ನನ್ನ ನೌಕರಿಯ ಕೊನೆಯ ವರ್ಷಗಳು ಕೊಪ್ಪದ ಕಡೆ ಕಳೆದವು. ಬೋರೇಗೌಡನ ಆಲೆಮನೆ ನಾಲೆಯ ಏರಿಯ ಕೆಳಗಿತ್ತು. ಕಬ್ಬು ಅರೆದು, ಅದರ ಹಾಲು ಕಾಯಿಸಿ, ಬೆಲ್ಲದ ಅಚ್ಚು ಹಾಕುತ್ತಿದ್ದ. ಸಿಹಿ ಇದ್ದಲ್ಲಿ ಇಲಿ ಇರಲೇಬೇಕಷ್ಟೆ. ಒಣಗಲು ಹಾಕಿದ ಕಬ್ಬಿನ ಸಿಪ್ಪೆಯ ಗುಡ್ಡೆಯಲ್ಲಿ ಅವುಗಳ ಒಂದು ಊರೇ ಇತ್ತು. ಅದಕ್ಕೆ ಪೊಲೀಸು ಕೆಂಚ. ಕೆಂಚ ಎಂದರೆ ಒಂದು ಕೆಂಪು ಬಣ್ಣದ ನಾಟಿ ನಾಯಿ, ಒಂದು ಕಿವಿ ಹರಿದದ್ದು. ನಾನು ಹಸುವಿಗೆ ಚುಚ್ಚಲು ಹೋದಾಗಲೆಲ್ಲ ಬೋರೇಗೌಡ ಅದರ ಪ್ರತಾಪ ವರ್ಣಿಸುತ್ತಿದ್ದ. "ಎಗ್ಣ ಇಡಿಯಾದ್ರಲ್ಲಿ ಬೆಕ್ಕು ನಾಚ್ಕೋಬೇಕು ಡಾಕ್ಟ್ರೇ. ಕತ್ತು ಇಡುದ್ರೆ ಮುಗೀತು."

"ಅದಕ್ಕೇ ಇಲಿಜ್ವರದ ಲಸಿಕೆ ಹಾಕಿಸಬೇಕು ಅಂದದ್ದು," ಎನ್ನುತ್ತಿದ್ದೆ ನಾನು.

"ಆಕ್ಸನ, ಈ ಆಲೆ ಮುಗೀಲಿ," ಎನ್ನುತ್ತಿದ್ದ ಅವನು. ಆಲೆ ಮುಗಿಯುವುದು, ಮತ್ತೆ ಶುರುವಾಗುವುದು ನಡೆದೇ ಇತ್ತು.

ಒಂದು ಮಳೆಗಾಲದಲ್ಲಿ ಅವನ ಹೆಂಡತಿ ಜಯಮ್ಮ ಫೋನು ಮಾಡಿದರು. ಕೆಂಚ ಅನ್ನ ಮುಟ್ಟುತ್ತಿಲ್ಲ, ಕಣ್ಣು ಹಳದಿಯಾಗಿದೆ, ಎಲೆ ಔಷಧಿ ಕೊಟ್ಟರೂ ಏಳುತ್ತಿಲ್ಲ.

ಎಲೆ ಔಷಧಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಸೀಮೆಯಲ್ಲಿ ಕಾಮಾಲೆ ಆಸ್ಪತ್ರೆಯ ಕಾಯಿಲೆಯಲ್ಲ. ಕಣ್ಣು ಹಳದಿಯಾಯಿತೆಂದರೆ ಎಂ.ಎ. ಓದಿದವನೂ ನಾಟಿ ಔಷಧಿ ಕೊಡುವವರ ಮನೆಯ ದಾರಿ ಹಿಡಿಯುತ್ತಾನೆ. ಬೋರೇಗೌಡನ ಊರಿನಲ್ಲಿ ಮರಿಯಪ್ಪ ಎಂಬ ವಯಸ್ಸಾದ ರೈತರು ತಲೆಮಾರಿನಿಂದ ಬಂದ ಎಲೆಯನ್ನು ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುತ್ತಿದ್ದರು. ಮೂರು ಭಾನುವಾರ, ಬರೀ ಹೊಟ್ಟೆಗೆ. ಕಾಸು ಮುಟ್ಟುವವರಲ್ಲ. ಷರತ್ತು ಒಂದೇ, ಪಥ್ಯ: ಉಪ್ಪು, ಎಣ್ಣೆ, ಖಾರ ಬಿಡಬೇಕು; ಮೂರನೆಯ ಭಾನುವಾರ ಕಳೆಯುವವರೆಗೆ ಇಂಗ್ಲಿಷ್ ಮಾತ್ರೆ ನುಂಗಬಾರದು, ಸೂಜಿ ಚುಚ್ಚಿಸಿಕೊಳ್ಳಬಾರದು. ಚುಚ್ಚಿಸಿಕೊಂಡರೆ ಔಷಧಿ ಮುರಿಯುತ್ತದೆ, ಆಳು ಉಳಿಯುವುದಿಲ್ಲ. ಎಷ್ಟೋ ಕಾಮಾಲೆಗಳು ತಾವಾಗಿಯೇ ವಾಸಿಯಾಗುತ್ತವೆ. ಹಾಗಾಗಿ ಮರಿಯಪ್ಪನವರಿಗೆ ಒಳ್ಳೆಯ ಹೆಸರಿತ್ತು. ನನ್ನ ಹೆಸರಿಗಿಂತ ದೊಡ್ಡದು.

ನಾನು ಹೋದಾಗ ಕೆಂಚ ಆಲೆಮನೆಯ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಮಲಗಿತ್ತು. ಬೋರೇಗೌಡ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಗಲ ಮೇಲಿನ ಟವೆಲಿನಿಂದ ಅದರ ಹಿಂಬದಿಯ ಒದ್ದೆಯನ್ನು ಒರೆಸುತ್ತಿದ್ದ. ಒರೆಸಿದ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ವಸಡು ನೋಡುವ ಅಗತ್ಯವೂ ಇರಲಿಲ್ಲ. ಟವೆಲಿನ ಬಣ್ಣ ಸಾಕಿತ್ತು.

"ಬೋರೇಗೌಡ, ಮೊದಲು ಆ ಟವೆಲ್ ಬಿಸಾಕು. ಇದು ಇಲಿಜ್ವರ. ಅದರ ಉಚ್ಚೆ ಮುಟ್ಟಿದರೆ ನಿನಗೂ ಬರುತ್ತೆ," ಎಂದು ಗ್ಲೌಸು ಕೊಟ್ಟೆ.

ಅವನು ಗ್ಲೌಸನ್ನು ತಿರುಗಿಸಿ ನೋಡಿ ನಕ್ಕ. "ಕೆಂಚನ್ ಮುಟ್ಟಕೆ ಕೈಗೆ ಕವರ್ ಆಕ್ಕಬೇಕಾ ಡಾಕ್ಟ್ರೇ? ಅದೇನಂದ್ಕೊಂಡಾತು? ಯಾವ್ದೋ ಊರೋನು ಬಂದ ಅಂದ್ಕತದೆ."

ಆದರೂ ನಾನಿರುವಷ್ಟು ಹೊತ್ತು ಹಾಕಿಕೊಂಡ. ಮಾರನೆಯ ದಿನ ಹೋದಾಗ ಅದೇ ಗ್ಲೌಸನ್ನು ಜಯಮ್ಮ ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಿದ್ದರು.

ಪೆನಿಸಿಲಿನ್ ಶುರು ಮಾಡಿದೆ. ತೊಲೆಗೆ ಹಗ್ಗ ಕಟ್ಟಿ ಗ್ಲೂಕೋಸು, ಸಲೈನು ಇಳಿಬಿಟ್ಟೆ. ದಿನವೂ ಹೋದೆ. ನೆಲಕ್ಕೆ ಬ್ಲೀಚಿಂಗ್ ಪುಡಿ ಹಾಕಿಸಿದೆ. ಬೆಲ್ಲಕ್ಕೆ ವಾಸನೆ ಹಿಡಿಯುತ್ತದೆಂದು ಕೂಲಿಯವರು ಗೊಣಗಿದರು. ಮೂತ್ರ ಇಳಿಯಿತೇ, ಎಷ್ಟು ಇಳಿಯಿತು ಎಂಬುದೇ ನಮ್ಮ ಮಾತುಕತೆ. ಎರಡು ಸಲ ಆಸೆ ಬಿಟ್ಟೆವು. ಆಮೇಲೊಂದು ಬೆಳಿಗ್ಗೆ ಕೆಂಚ ಎದ್ದು ಕುಳಿತು, ಜಯಮ್ಮ ಹಿಸುಕಿ ಕೊಟ್ಟ ಮುದ್ದೆಯನ್ನು ಸಾರಿನಲ್ಲಿ ನೆಕ್ಕಿತು. ನಮ್ಮ ಕಡೆ ಮನುಷ್ಯನಿಗಾಗಲಿ ನಾಯಿಗಾಗಲಿ ವಾಸಿಯಾಯಿತೆಂಬುದಕ್ಕೆ ಮುದ್ದೆಗಿಂತ ದೊಡ್ಡ ವರದಿ ಇಲ್ಲ. ನನ್ನ ನೌಕರಿಯಲ್ಲಿ ಅಷ್ಟು ಹಳದಿಯಾದ ಮೇಲೆ ಬದುಕಿದ ನಾಯಿಗಳು ತೀರಾ ಕಡಿಮೆ. ಮನೆಗೆ ಹಿಂದಿರುಗುವಾಗ ಸ್ಕೂಟರಿನ ಮೇಲೆ ನಾನು ಸ್ವಲ್ಪ ನೆಟ್ಟಗೆ ಕುಳಿತಿದ್ದೆನೆಂದು ಕಾಣುತ್ತದೆ.

ಆಮೇಲೆ ಕೊಡಬೇಕಾದ ಡಾಕ್ಸಿಸೈಕ್ಲಿನ್ ಮಾತ್ರೆಗಳನ್ನು ಜನ ಸಾಮಾನ್ಯವಾಗಿ ಅರ್ಧಕ್ಕೆ ನಿಲ್ಲಿಸುತ್ತಾರೆ. ನಾಯಿ ಎದ್ದು ಓಡಾಡಿದರೂ ಮೂತ್ರಪಿಂಡದಲ್ಲಿ ಕ್ರಿಮಿ ಉಳಿದು ಬಹಳ ಕಾಲ ಹೊರಗೆ ಬರುತ್ತಿರುತ್ತದೆ, ಮಾತ್ರೆ ಅದಕ್ಕಾಗಿ. ಬೋರೇಗೌಡ ಒಂದನ್ನೂ ತಪ್ಪಿಸಲಿಲ್ಲ. ಬೆಲ್ಲದ ಚೂರಿನೊಳಗೆ ಹುದುಗಿಸಿ ನುಂಗಿಸಿದ. ಈ ವಿಷಯದಲ್ಲಿ ಅವನ ಮೇಲೆ ದೂರಿಲ್ಲ. ಹೊರಡುವಾಗ ಅವನಿಗೂ ಜಯಮ್ಮನಿಗೂ ಪಾಠ ಒಪ್ಪಿಸಿದ ಹಾಗೆ ಹೇಳಿದೆ: ಜ್ವರ ಬಂದರೆ, ಮೀನಖಂಡ ನೋವು ಬಂದರೆ, ಅವತ್ತೇ ಆಸ್ಪತ್ರೆಗೆ ಹೋಗಿ, ನಮ್ಮ ನಾಯಿಗೆ ಇಲಿಜ್ವರ ಬಂದಿತ್ತು ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

"ಆಯ್ತು ಬುಡಿ, ಏಳ್ತೀವಿ," ಎಂದ ಬೋರೇಗೌಡ. "ನಾಯಿ ಕಾಯ್ಲೆ ನಂಗ್ ಬಂತು ಅಂದ್ರೆ ಅಸ್ಪತ್ರೇಲಿ ಕಟ್ಟಾಕ್ತರೆ ಅಷ್ಟೇಯ."

ಕೆಂಚನ ಕೀರ್ತಿ ಊರಿನಲ್ಲಿ ಹಬ್ಬಿತು. ಕೀರ್ತಿ ಯಾರಿಗೆ ಸಂದಿತು ಎಂಬುದು ನನ್ನ ಕಿವಿಗೆ ತಡವಾಗಿ ಬಿತ್ತು. ಸತ್ತೇಹೋಗಿದ್ದ ನಾಯಿಯನ್ನು ಮರಿಯಪ್ಪನವರ ಎಲೆ ಎಬ್ಬಿಸಿ ಕೂರಿಸಿತು ಎಂದು ಸಹಕಾರ ಸಂಘದ ಕಟ್ಟೆಯ ಮೇಲೆ ತೀರ್ಮಾನವಾಗಿತ್ತು. ಮೊದಲು ಕೊಟ್ಟದ್ದು ಎಲೆ; ಡಾಕ್ಟರು ಬಂದದ್ದು ಆಮೇಲೆ; ಬಾಟಲಿಯ ನೀರು ಶಕ್ತಿಗೆ ಅಷ್ಟೆ. ತಿದ್ದಲು ಹೋದೆ. "ಇಬ್ರುದೂ ಇರ್ಲಿ ಸ್ವಾಮಿ, ಜಗಳ ಯಾಕೆ," ಎಂದು ದೊಡ್ಡವರೊಬ್ಬರು ಪಂಚಾಯಿತಿ ಮಾಡಿದರು. ನಾನೂ ನಕ್ಕು ಸುಮ್ಮನಾದೆ. ನಾಯಿ ಉಳಿದಿತ್ತಲ್ಲ.

ಭತ್ತ ನಾಟಿಯ ಕೆಲಸ ಮುಗಿಯುತ್ತ ಬಂದಾಗ ಜಯಮ್ಮ ಮತ್ತೆ ಫೋನು ಮಾಡಿದರು. "ಡಾಕ್ಟ್ರೇ, ಅಸ ಮೇವು ತಿಂತಿಲ್ಲ, ವಸಿ ಬಂದೋಗಿ. ನೋಡ್ಕಳಕೆ ಇವ್ರೂ ಮಲಗ್ಬುಟ್ಟವ್ರೆ. ಜರ, ಕಣ್ಣು ಅಳ್ದಿ ಆಗವೆ."

ಹಸುವಿನ ವಿಷಯ ನನ್ನ ಕಿವಿಗೆ ಬೀಳಲೇ ಇಲ್ಲ.

ಬೋರೇಗೌಡ ಜಗಲಿಯ ಮೇಲೆ ಚಾಪೆಯಲ್ಲಿ ಮಲಗಿದ್ದ. ಕಣ್ಣಿನ ಬಿಳಿ ಭಾಗ ಅರಿಸಿನ, ಅದರ ಮೇಲೆ ಕೆಂಪು ಎಳೆ. ಕಾಲ ಬಳಿ ಕುಳಿತು ಮೀನಖಂಡವನ್ನು ಮೆಲ್ಲಗೆ ಒತ್ತಿದೆ, ಹಲ್ಲು ಕಚ್ಚಿದ. ಕೆಂಚ ಕೆಳಗೆ ಮೆಟ್ಟಿಲ ಹತ್ತಿರ ಬಾಲ ಆಡಿಸುತ್ತ ನಿಂತಿತ್ತು. ನಾನು ಮನುಷ್ಯರ ಡಾಕ್ಟರಲ್ಲ. ಆದರೆ ಅಷ್ಟನ್ನು ತಿಳಿಯಲು ಮನುಷ್ಯರ ಡಾಕ್ಟರಾಗಬೇಕಾಗಿಯೂ ಇರಲಿಲ್ಲ.

"ಏಳು, ಮಂಡ್ಯಕ್ಕೆ ಹೋಗೋಣ. ಈಗಲೇ. ನಾನೇ ಬರ್ತೀನಿ. ಡಾಕ್ಟರ ಹತ್ತಿರ ನಾನೇ ಮಾತಾಡ್ತೀನಿ."

"ಔಸ್ದಿ ಕುಡ್ದಿವ್ನಿ ಡಾಕ್ಟ್ರೇ. ಒಂದ್ ಬಾನ್ವಾರ ಆಗದೆ. ಇನ್ನೆಲ್ಡವೆ."

"ಎಲೆ ಔಷಧಿಯಿಂದ ಇದು ಹೋಗಲ್ಲ ಬೋರೇಗೌಡ. ಕೆಂಚನಿಗೆ ಬಂದದ್ದೇ ನಿನಗೂ ಬಂದಿದೆ."

"ಅದ್ನೇ ನಾನೂ ಏಳ್ತಿರಾದು. ಕೆಂಚಂಗೆ ವಾಸಿ ಆಗ್ನಿಲ್ವಾ?"

"ಕೆಂಚನಿಗೆ ನಾನು ಸೂಜಿ ಚುಚ್ಚಿದೆ! ದಿನಾ ಚುಚ್ಚಿದೆ, ನಿನ್ನ ಕಣ್ಣೆದುರಿಗೇ! ಔಷಧಿ ಮುರಿದು ಅದು ಸಾಯಬೇಕಿತ್ತಲ್ಲ?"

ಬೋರೇಗೌಡ ನನ್ನನ್ನು ಕನಿಕರದಿಂದ ನೋಡಿದ. "ನಾಯಿಗೆ ಪತ್ಯ ಇಲ್ಲ ಡಾಕ್ಟ್ರೇ. ಮನ್ಸಂಗೆ ಅದೆ."

ಬಾಗಿಲಲ್ಲಿ ನಿಂತಿದ್ದ ಜಯಮ್ಮ, "ಓಗಿ ಬರನ ನಡೀರಿ, ಡಾಕ್ಟ್ರು ಅಷ್ಟೊಂದ್ ಏಳ್ತಾವ್ರೆ," ಎಂದರು. ಆಗ ಅವನು ಅವರನ್ನು ಒಳಗೆ ಕಳಿಸಿದ. ನನಗೆ ಮಜ್ಜಿಗೆ ತರಲು ಹೇಳಿ ಕಳಿಸಿದ. ಅವರು ಒಳಗೆ ಹೋದ ಮೇಲೆ ದನಿ ತಗ್ಗಿಸಿದ.

"ನಮ್ಮಪ್ಪಂಗೂ ಇಂಗೇ ಕಣ್ಣು ಅಳ್ದಿ ಆಗಿತ್ತು. ಮರಿಯಪ್ಪಣ್ಣನ್ ಎಲೆ ಔಸ್ದಿ ಕುಡುದ್ಬುಟ್ಟಿತ್ತು. ನಾನು ಆಗ ಉಡುಗ್ ಬುದ್ದಿ, ಕೇಳ್ನಿಲ್ಲ. ಬಲವಂತ ಮಾಡಿ ಮಂಡ್ಯಕ್ಕೆ ಕರ್ಕೊಂಡೋಗಿ ಸೂಜಿ ಆಕಿಸ್ದೆ. ಸಂಜಿಗೆ ಓಯ್ತು ನಮ್ಮಪ್ಪ. ಪತ್ಯ ಮುರ್ದೋನು ನಾನೇಯ. ಇಷ್ಟ್ ವರ್ಸ ಆಯ್ತು, ಒಂದ್ ದಿನ ನೆಟ್ಟುಗೆ ನಿದ್ದೆ ಮಾಡಿಲ್ಲ ಕಣ್ ಡಾಕ್ಟ್ರೇ." ಬಾಗಿಲ ಕಡೆ ನೋಡಿದ. "ಈಗ ಇವ್ಳು ಕರ್ಕೊಂಡೋಯ್ತಳೆ. ನಂಗೇನಾರ ಆದ್ರೆ, ನಾನೇ ಕೊಂದ್ಬುಟ್ಟೆ ಅಂದ್ಕಂಡ್ ಇರ್ತಳೆ, ಸಾಯಗಂಟ. ಅದು ಬ್ಯಾಡ. ಎಲ್ಡ್ ಬಾನ್ವಾರ ತಾನೇ, ಕಳೀಲಿ. ಬದುಕುದ್ರೆ ಆಯ್ತು, ಇಲ್ದಿದ್ರೆ ನನ್ ಅಣೆಬರ."

ನಿಮ್ಮ ಅಪ್ಪನನ್ನು ಕೊಂದದ್ದು ಸೂಜಿಯಲ್ಲ, ಕಾಯಿಲೆ ಎಂದೆ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿತ್ತು ಎಂದು ಹೇಳಿದೆ. ಆ ಮಾತು ನನ್ನ ಕಿವಿಗೇ ತೀರಾ ಸಣ್ಣದಾಗಿ ಕೇಳಿಸಿತು. ಜಯಮ್ಮ ಮಜ್ಜಿಗೆ ತಂದರು. ಅವನು ಮಾತು ಬದಲಿಸಿ ಹಸುವಿನ ವಿಷಯ ಎತ್ತಿದ.

ಉಳಿದದ್ದು ಒಂದೇ ದಾರಿ. ಅಲ್ಲಿಂದ ನೇರವಾಗಿ ಮರಿಯಪ್ಪನವರ ಮನೆಗೆ ಹೋದೆ. ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅವರು ಹಿತ್ತಲಿನಲ್ಲಿ ಅವರೆ ಚಪ್ಪರಕ್ಕೆ ಕಡ್ಡಿ ಕಟ್ಟುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡು, ಕೈ ತೊಳೆದುಕೊಂಡು ಬಂದು ಕುಳಿತರು.

"ಕಣ್ಣು ಅಳ್ದಿ ಆಗಿದ್ರೆ ನಾನು ಔಸ್ದಿ ಕೊಡ್ತೀನಿ ಸ್ವಾಮಿ. ಯಾಕ್ ಆಯ್ತು ಅಂತ ಕೇಳಕಿಲ್ಲ. ನಮ್ಮಪ್ಪನೂ ಕೇಳ್ತಿರ್ನಿಲ್ಲ. ನೀವು ಬ್ಯಾರೆ ಕಾಯ್ಲೆ ಅಂತೀರ. ಇದ್ರೂ ಇರಬೈದು."

"ನೀವು ಒಂದು ಮಾತು ಹೇಳಿದರೆ ಅವನು ಬರುತ್ತಾನೆ. ಪಥ್ಯ ಬಿಡಿಸಿದ್ದೇನೆ, ಹೋಗು ಅಂತ ಹೇಳಿ."

"ಪತ್ಯ ನಾನು ಕಟ್ಟಿದ್ದಲ್ಲ, ಬುಡ್ಸಾಕೆ." ಚಪ್ಪರದ ಕಡೆ ಒಮ್ಮೆ ನೋಡಿದರು. ಆಮೇಲೆ ಹೆಗಲಿಗೆ ಟವೆಲ್ ಹಾಕಿಕೊಂಡು ಎದ್ದರು. "ನಡೀರಿ. ಉಡುಗ ಒಳ್ಳೆಯವ್ನು."

ನನ್ನ ಸ್ಕೂಟರಿನ ಹಿಂದೆ ಕುಳಿತು ಬಂದರು. ಊರಿನವರು ಆ ದೃಶ್ಯವನ್ನು ನಿಂತು ನೋಡಿದರು. ಇಂಗ್ಲಿಷ್ ವೈದ್ಯವೂ ನಾಟಿ ವೈದ್ಯವೂ ಒಂದೇ ಗಾಡಿಯಲ್ಲಿ ಹೋಗುವುದನ್ನು ಅವರು ಹಿಂದೆ ಕಂಡಿರಲಿಲ್ಲ, ಇನ್ನು ಕಾಣುವುದೂ ಇಲ್ಲ. ಬೇರೆ ದಿನವಾಗಿದ್ದರೆ ನನಗೆ ನಗು ಬರುತ್ತಿತ್ತು.

ಮರಿಯಪ್ಪ ಚಾಪೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬೋರೇಗೌಡನ ಕೈ ಹಿಡಿದುಕೊಂಡರು. "ಲೋ ಬೋರ, ನನ್ ಔಸ್ದಿ ಬುಟ್ಬುಡ್ಲಾ. ಮುರುದ್ರೆ ನನ್ ತಲೆ ಮ್ಯಾಲಿರ್ಲಿ. ಡಾಕ್ಟ್ರ ಜೊತೆ ಓಗು."

ಬೋರೇಗೌಡ ಅವರನ್ನೂ ನನ್ನನ್ನೂ ನೋಡಿದ. "ಡಾಕ್ಟ್ರು ಏಳ್ಕೊಟ್ಟಿದ್ದ ಏಳ್ತಿದ್ದೀಯ ಮರಿಯಪ್ಪಣ್ಣ. ನಿನ್ ಬಾಯಲ್ಲಿ ಈ ಮಾತು ನಾನು ಉಟ್ಟಿದ್ ಮ್ಯಾಲೆ ಕೇಳಿಲ್ಲ."

"ನಾನೇ ಏಳ್ತಿವ್ನಿ ಕಣ್ಲಾ."

"ನಮ್ಮಪ್ಪಂಗ್ ಯಾಕ್ ಏಳ್ನಿಲ್ಲ ಅಂಗಾರೆ?"

ಮರಿಯಪ್ಪ ಕೈ ಬಿಟ್ಟರು. ಅಲ್ಲಿಗೆ ಮಾತು ಮುಗಿಯಿತು. ಹೊರಗೆ ಬಂದು ನಾನು ಸ್ಕೂಟರು ತಿರುಗಿಸುತ್ತಿದ್ದರೆ, "ನೆಡ್ಕಂಡೇ ಓಯ್ತೀನಿ ಸ್ವಾಮಿ," ಎಂದು ಹೊರಟುಬಿಟ್ಟರು.

ದಿನವೂ ಹೋದೆ. ಕೆಂಚನನ್ನು ನೋಡಲು ಹೋಗುತ್ತಿದ್ದ ಹೊತ್ತಿಗೇ, ಅದೇ ದಾರಿಯಲ್ಲಿ. ನನ್ನ ಚೀಲದಲ್ಲಿ ಪೆನಿಸಿಲಿನ್ ಇತ್ತು. ಅದನ್ನು ಮನುಷ್ಯನಿಗೆ ಕೊಡುವ ಅಧಿಕಾರ ನನಗಿರಲಿಲ್ಲ. ಇದ್ದಿದ್ದರೂ ಅವನು ತೋಳು ಕೊಡುತ್ತಿರಲಿಲ್ಲ. ಎರಡನೆಯ ಭಾನುವಾರ ಅವನು ಔಷಧಿ ಕುಡಿದ, ಕುಡಿದದ್ದು ವಾಂತಿಯಾಯಿತು. ಆಮೇಲೆ ಮೂತ್ರ ಕಡಿಮೆಯಾಯಿತು. "ಇಳೀತಾ?" ಎಂದು ಜಯಮ್ಮನನ್ನು ಕೇಳುವುದು, ಅವರು ತಲೆ ಅಲ್ಲಾಡಿಸುವುದು. ಮೂರನೆಯ ಭಾನುವಾರಕ್ಕೆ ಇನ್ನೂ ದಿನವಿರುವಾಗಲೇ ಅವನಿಗೆ ಮಾತು ತೊದಲಿತು. ಕೆಂಚನನ್ನು ಅಪ್ಪ ಎಂದು ಕರೆದ. ಬೇಡವೆನ್ನುವ ಶಕ್ತಿ ಅವನಿಗೆ ಹೋದ ಮೇಲೆ ಜಯಮ್ಮ ಅವನ ತಮ್ಮನನ್ನು ಕರೆಸಿ, ಕಾರು ತರಿಸಿ, ಮಂಡ್ಯಕ್ಕೆ ಕರೆದುಕೊಂಡು ಹೋದರು. ಅವರೇ ತೀರ್ಮಾನ ಮಾಡಿದರು. ಅವನು ಯಾವುದನ್ನು ತಪ್ಪಿಸಬೇಕೆಂದು ಹಠ ಹಿಡಿದಿದ್ದನೋ ಅದೇ ಆಯಿತು.

ಆಸ್ಪತ್ರೆಯ ಡಾಕ್ಟರಿಗೆ ನಾಯಿಯ ಸಂಗತಿ ಹೇಳಿದೆ. ಚಿಕ್ಕ ವಯಸ್ಸಿನವರು, ಒಂದೇ ಮಾತಿಗೆ ತಿಳಿದುಕೊಂಡರು. ತಕ್ಷಣ ಇಂಜೆಕ್ಷನ್ ಶುರುಮಾಡಿದರು, ಡಯಾಲಿಸಿಸ್ ಹಾಕಿದರು. "ಒಂದು ವಾರ ಮುಂಚೆ ಬಂದಿದ್ದರೆ ಸಾರ್," ಎಂದರು. ಈ ವಾಕ್ಯವನ್ನು ನಾನು ನಾಯಿಗಳ ಯಜಮಾನರಿಗೆ ಲೆಕ್ಕವಿಲ್ಲದಷ್ಟು ಸಲ ಹೇಳಿದ್ದೇನೆ. ಕೇಳುವವನ ಕಡೆ ನಿಂತಾಗ ಅದು ಯಾವ ಉಪಯೋಗಕ್ಕೂ ಬರುವುದಿಲ್ಲವೆಂದು ಅವತ್ತು ಗೊತ್ತಾಯಿತು.

ಅವನಿಗೆ ಕಾಯಿಲೆ ಕೆಂಚನ ಮೂತ್ರದಿಂದ ಬಂತೋ, ಸಿಪ್ಪೆ ಗುಡ್ಡೆಯ ಇಲಿಗಳಿಂದ ಬಂತೋ, ನಾಟಿ ಹಾಕಿದ ಗದ್ದೆಯ ನೀರಿನಿಂದ ಬಂತೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಬೋರೇಗೌಡನ ತಿಥಿಯಾದ ಮೇಲೆ ಅವನ ತಮ್ಮ ಕೆಂಚನನ್ನು ಹೊಡೆದು ಹಾಕಲು ದೊಣ್ಣೆ ತೆಗೆದುಕೊಂಡಿದ್ದನಂತೆ. ಜಯಮ್ಮ ಅಡ್ಡ ನಿಂತರಂತೆ. ನಾನು ಮಾತಾಡಿಸಲು ಹೋದಾಗ ಅವರು ನನ್ನನ್ನು ಜಗಲಿಯ ಮೇಲೆ ಕೂರಿಸಿ, ತಾವು ಕಂಬಕ್ಕೆ ಒರಗಿ ನಿಂತೇ ಕೇಳಿದರು.

"ಡಾಕ್ಟ್ರೇ, ನಿಜ ಏಳಿ. ನಾನು ಸೂಜಿ ಆಕಿಸ್ದೆ ಅಂತ ಓದ್ರಾ?"

"ಇಲ್ಲ ಕಣಮ್ಮ. ಸೂಜಿಯಿಂದ ಅಲ್ಲ. ಸೂಜಿ ತಡವಾಯ್ತು, ಅದರಿಂದ."

"ಔದಾ," ಎಂದರು. ಎದುರಾಡಲಿಲ್ಲ. "ಅವ್ರಪ್ಪನೂ ಅಂಗೇ ಓದ್ರಂತೆ. ಮಂಡ್ಯಕ್ ಓದ್ ಮ್ಯಾಲೆ."

ಊರಿನ ಲೆಕ್ಕದಲ್ಲಿ ಈಗ ಮೂರು ಸಾಕ್ಷಿಗಳಾದವು. ಪಥ್ಯ ಮುರಿದು ಮಂಡ್ಯಕ್ಕೆ ಹೋಗಿ ಸತ್ತ ಅಪ್ಪ, ಪಥ್ಯ ಮುರಿದು ಮಂಡ್ಯಕ್ಕೆ ಹೋಗಿ ಸತ್ತ ಮಗ, ಎಲೆ ಔಷಧಿ ಕುಡಿದು ಊರಲ್ಲೇ ಉಳಿದು ಬದುಕಿದ ನಾಯಿ. ಮೂರನೆಯ ಸಾಕ್ಷಿಯನ್ನು ಬದುಕಿಸಿಕೊಟ್ಟವನು ನಾನು. ಅದರ ಎದುರಿಗೆ ನನ್ನ ಪುಸ್ತಕ, ಪೆನಿಸಿಲಿನ್ನು, ಭಾಷಣಗಳು ಏನು ಮಾಡಲು ಸಾಧ್ಯ? ಗ್ರಾಮಸಭೆಯಲ್ಲಿ ಇಲಿಜ್ವರದ ಬಗ್ಗೆ ಮಾತಾಡಿದೆ. ನಾಯಿಗಳಿಗೆ ಲಸಿಕೆ ಹಾಕುತ್ತೇನೆಂದು ಡಂಗುರ ಹೊಡೆಸಿದೆ. ಕೆಲವರು ತಂದರು, ಎರಡನೆಯ ಸಲಕ್ಕೆ ತರಲಿಲ್ಲ. ಮರಿಯಪ್ಪನವರು ಔಷಧಿ ಕೊಡುವುದನ್ನು ನಿಲ್ಲಿಸಿದರು. ಅವರ ಮಗ ಕೊಡಲು ಶುರುಮಾಡಿದ.

ನಾನು ನಿವೃತ್ತನಾಗುವವರೆಗೆ ಆ ಊರಿನಿಂದ ಕಣ್ಣು ಹಳದಿಯಾದ ಯಾರೂ ಮಂಡ್ಯದ ಆಸ್ಪತ್ರೆಗೆ ಹೋಗಲಿಲ್ಲ.